ಪಂಪ್‌ಮನೆ ಪಕ್ಕದ ಚೆಂಡು

ಮಾರ್ಚ್ 6, ಗುರುವಾರ

ಹೆಗಲು ನೋವು ಬಿಟ್ಟ ಮೇಲೆ ಇವತ್ತು ಮೊದಲ ಸಲ ಗಾಲ್ಫ್‌ನ ಹದಿನೆಂಟೂ ಹೋಲ್ ಆಡಿ ಮುಗಿಸಿದೆ. ಒಬ್ಬಳೇ ಆಡಿದೆ. ಒಬ್ಬಳೇ ಆಡುವುದರಲ್ಲೂ ಒಂದು ಸುಖವಿದೆ. ಯಾರಿಗೂ ಕಾಯಬೇಕಿಲ್ಲ, ಯಾರ ಕೆಮ್ಮನ್ನೂ ಕೇಳಬೇಕಿಲ್ಲ.

ಹನ್ನೆರಡನೇ ಹೋಲ್‌ನಲ್ಲಿ ಮಾತ್ರ ಮಾನ ಹೋಯಿತು. ಮೊದಲ ಹೊಡೆತ ಚೆನ್ನಾಗಿಯೇ ಬಿತ್ತು, ಹಳೇ ಪಂಪ್‌ಮನೆ ದಾಟಿ ಮುಂದೆ ಹೋಗಿ ನಿಂತಿತು. ಅಲ್ಲಿಂದ ಕೊಳದ ಆಚೆ, ಗುಳಿಯಿರುವ ಗ್ರೀನ್‌ಗೆ ನೂರಾ ಮೂವತ್ತು ಗಜ. ಐದನೇ ಐರನ್ ಕೋಲು ತೆಗೆದು ಹೊಡೆದೆ, ನೀರಿಗೆ ಬಿತ್ತು. ಇನ್ನೊಂದು ಚೆಂಡು ಇಟ್ಟು, ಇನ್ನೂ ದೂರ ಹೊಡೆಯುವ ಐದನೇ ವುಡ್‌ನಲ್ಲಿ ಹೊಡೆದೆ. ಅದು ಗ್ರೀನ್ ತಲೆ ಮೇಲೆ ಹಾರಿ ಬೇಲಿಯ ಆಚೆ ಹೋಯಿತು. ಒಂದು ಸಾಲದು, ಇನ್ನೊಂದು ಜಾಸ್ತಿ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಹೆಗಲಿಗೆ ಇನ್ನೂ ಬಲ ಬಂದಿಲ್ಲ, ಹುಲ್ಲು ಒದ್ದೆಯಿತ್ತು, ಗಾಳಿ ಎದುರಿಗಿತ್ತು ಎಂದೆ. ಅವರು ಬಾಲ್ಕನಿಯ ಟೊಮೇಟೊ ಗಿಡಕ್ಕೆ ನೀರು ಹಾಕುತ್ತ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂದರು. ನಿವೃತ್ತರಾದ ಗಂಡಸರಿಗೆ ಗಿಡ ಕೊಡಬೇಕು, ಗಾದೆ ಕೊಡಬಾರದು.

ಗುರುವಾರ ಅಂದರೆ ಬೀಗಿತ್ತಿಯ ಜೊತೆ ಆಡುವ ದಿನ. ಒಂಬತ್ತು ವರ್ಷದಿಂದ ಹಾಗೇ ನಡೆದಿತ್ತು. ಈಗಿಲ್ಲ. ಮೂರು ವಾರದ ಹಿಂದೆ ಮಗಳು ಎರಡು ಸೂಟ್‌ಕೇಸ್ ತಂದು ಹಜಾರದಲ್ಲಿ ಇಟ್ಟು, "ಅಮ್ಮ, ನಾನು ಇಲ್ಲೇ ಇರ್ತೀನಿ" ಅಂದಳು. ಅದೇ ಸಂಜೆ ಬೀಗಿತ್ತಿ ಫೋನ್ ಮಾಡಿದಳು. "ನಿನ್ನ ಮಗಳಿಗೆ ಒಂದು ಮಾತು ಹೇಳು" ಅಂದಳು. "ಮೊದಲು ನಿನ್ನ ಮಗನಿಗೆ ಹೇಳು" ಎಂದು ಫೋನ್ ಇಟ್ಟುಬಿಟ್ಟೆ. ಅವಳೂ ಮತ್ತೆ ಮಾಡಲಿಲ್ಲ, ನಾನೂ ಮಾಡಲಿಲ್ಲ. ನಾನು ಮಾಡಿದ್ದು ಸರಿಯಾಗಿಯೇ ಇದೆ.

ಮಾರ್ಚ್ 9, ಭಾನುವಾರ

ಮಗಳನ್ನು ಕೂರಿಸಿಕೊಂಡು ನೇರವಾಗಿ ಕೇಳಿದೆ, ತಪ್ಪು ಯಾರದು ಎಂದು.

"ಯಾರದೂ ಅಲ್ಲ ಅಮ್ಮ."

"ಯಾರದೂ ಅಲ್ಲದೆ ಸಂಸಾರ ಹೇಗೆ ಮುರಿಯುತ್ತೆ?"

"ನಿಂಗೆ ಗೆರೆ ಎಳೆದು ಇದು ಇವರ ಜಾಗ, ಇದು ಅವರ ಜಾಗ ಅಂತ ಹೇಳಿದ್ರೇ ಸಮಾಧಾನ" ಅಂದಳು. ಮೂವತ್ತಕ್ಕೂ ಹೆಚ್ಚು ವರ್ಷ ಸರ್ವೆ ಇಲಾಖೆಯಲ್ಲಿ ಗೆರೆ ಎಳೆದೇ ಇವಳನ್ನು ಓದಿಸಿದ್ದು ನಾನು. ಆಸ್ಪತ್ರೆಯಲ್ಲಿ ಕೂತು ಊರಿನವರ ಕಿವಿ ಪರೀಕ್ಷೆ ಮಾಡುತ್ತಾಳೆ, ಹೆತ್ತವಳ ಮಾತು ಮಾತ್ರ ಅವಳ ಕಿವಿಗೆ ಬೀಳುವುದಿಲ್ಲ.

ಸಂಜೆ ಬಾಲ್ಕನಿಯಲ್ಲಿ ಯಾರ ಜೊತೆಗೋ ಫೋನಿನಲ್ಲಿ ನಗುತ್ತಿದ್ದಳು. ಯಾರೇ ಅದು ಎಂದೆ. "ಗೊತ್ತಿರೋರು" ಅಂದಳು. ನಗುತ್ತಿದ್ದಾಳಲ್ಲ, ಅಷ್ಟು ಸಾಕು.

ಮಾರ್ಚ್ 13, ಗುರುವಾರ

ಹನ್ನೆರಡರಲ್ಲಿ ಮತ್ತೆ ಕೊಳ.

ಊಹೆಯಿಂದ ಪ್ರಯೋಜನವಿಲ್ಲ, ಅಳೆದೇ ನೋಡೋಣವೆಂದು ಅಭ್ಯಾಸದ ಅಂಗಳಕ್ಕೆ ಹೋದೆ. ಒಂದೊಂದರಲ್ಲೂ ಹತ್ತತ್ತು ಚೆಂಡು ಹೊಡೆದು ನನ್ನದೇ ಲೇಸರ್‌ನಲ್ಲಿ ಅಳೆದೆ. ಐದನೇ ವುಡ್ ನೂರಾ ನಲವತ್ತೈದು ಗಜ. ಆರನೇ ಐರನ್ ನೂರಾ ಹದಿನೈದು. ಇವೆರಡರ ನಡುವೆ ಇರಬೇಕಾದದ್ದು ಐದನೇ ಐರನ್. ಅದೂ ನೂರಾ ಹದಿನೈದಕ್ಕೇ ಹೋಗಿ ಬೀಳುತ್ತಿದೆ! ಆರನೆಯದರ ಪಕ್ಕದಲ್ಲೇ, ಜೊತೆ ಬಿಡದ ಹಾಗೆ. ಅಂದರೆ ನಡುವೆ ಮೂವತ್ತು ಗಜ ಖಾಲಿ. ಆ ದೂರಕ್ಕೆ ನನ್ನ ಬ್ಯಾಗಿನಲ್ಲಿ ಏನೂ ಇಲ್ಲ. ಎಲ್ಲ ಈ ಹೆಗಲಿನಿಂದ.

ಒಂದು ಹೈಬ್ರಿಡ್ ತೆಗೆದುಕೊಳ್ಳಬೇಕು ಎಂದು ಊಟದ ಹೊತ್ತಿಗೆ ಹೇಳಿದೆ.

"ಯಾವುದರ ಬೀಜ?" ಅಂದರು ಯಜಮಾನರು.

ಬೀಜವಲ್ಲ, ಆಡುವ ಕೋಲು. ವುಡ್‌ನ ದಪ್ಪ ತಲೆಯನ್ನು ಸ್ವಲ್ಪ ಇಳಿಸಿ, ಐರನ್‌ನ ಹಾಗೆ ಗಿಡ್ಡ ಮಾಡಿದರೆ ಹೈಬ್ರಿಡ್. ಐರನ್‌ಗಿಂತ ಸುಲಭವಾಗಿ ಚೆಂಡನ್ನು ಎತ್ತುತ್ತದೆ ಎಂದು ವಿವರಿಸಿದೆ. ಗಮನವಿಟ್ಟು ಕೇಳಿದರು.

"ಹಾಗಾದ್ರೆ ಬೀಜದ ಹಾಗೇನೇ" ಅಂದರು. ಮಗಳು ನಕ್ಕಳು. ನನಗೂ ಬಂತು, ತಡೆದುಕೊಂಡೆ.

ಮಾರ್ಚ್ 15, ಶನಿವಾರ

ಕುರ್ಚಿ ಮೇಜು ಮಾರುವ ಮಳಿಗೆಯ ಮಹಡಿಯಲ್ಲಿರುವ ಗಾಲ್ಫ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನಿಗೆ ಎಲ್ಲರೂ 'ಡಾಕ್ಟ್ರು' ಅನ್ನುತ್ತಾರೆ. ಯಾರು ಏನು ಕೇಳಿಕೊಂಡು ಬಂದರೂ ಮೊದಲು ಒಂದು ಕಾಯಿಲೆ ಹೇಳುತ್ತಾನೆ. ಬಲೆ ಕಟ್ಟಿದ ಕೋಣೆಯಲ್ಲಿ ನನ್ನಿಂದ ಹೊಡೆಸಿ, ಪರದೆಯ ಮೇಲೆ ಅಂಕಿ ನೋಡಿ, "ಮೇಡಂ, ನಿಮಗೆ ಇಡೀ ಸೆಟ್ಟೇ ಬದಲಾಯಿಸಬೇಕಾಗುತ್ತೆ" ಅಂದ. ಹಲ್ಲುನೋವಿಗೆ ಹೋದವಳ ತಲೆಯನ್ನೇ ತೆಗೆಯುವ ಜಾತಿ. ಒಂದು ಸಾಕು ಎಂದೆ.

ಮೂರು ಹೈಬ್ರಿಡ್ ಕೊಟ್ಟ. ಮೇಲೆ ನಾಲ್ಕು, ಐದು, ಆರು ಎಂದು ಅಂಕಿ. ನಾಲ್ಕನೆಯದು ಕೈಗೆ ಹಿತವಾಗಿತ್ತು, ಮೂರರಲ್ಲಿ ಅದೇ ಅತಿ ದೂರ ಹೋಯಿತು. ಅದನ್ನೇ ತಂದೆ. "ಇನ್ನೊಂದ್ಸಲ ಯೋಚನೆ ಮಾಡಿ" ಅಂದ. ಮೊದಲು ಇಡೀ ಸೆಟ್ ಮಾರಲು ನೋಡಿದವನ ಮಾತನ್ನು ಎಷ್ಟು ನಂಬುವುದು.

ಹೆಗಲಿಗೆ ಹಚ್ಚುವ ಮುಲಾಮು ಮುಗಿದಿದೆ. ಬೀಗಿತ್ತಿಯ ಔಷಧಿ ಅಂಗಡಿ ದಾರಿಯಲ್ಲೇ ಸಿಗುತ್ತದೆ. ಕಾರು ನಿಲ್ಲಿಸದೆ ಮುಂದೆ ಹೋಗಿ, ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ತೆಗೆದುಕೊಂಡೆ. ಆ ಮನುಷ್ಯ ಹೆಗಲು ಹೇಗಿದೆ ಎಂದು ಕೂಡ ಕೇಳಲಿಲ್ಲ. ಯಾಕೆ ಕೇಳಬೇಕು, ಅವನಿಗೆ ನಾನು ಯಾರು.

ಮಾರ್ಚ್ 20, ಗುರುವಾರ

ಹೊಸ ಹೈಬ್ರಿಡ್ ಕೈಕೊಟ್ಟಿತು. ಕೈಕೊಟ್ಟಿತು ಅನ್ನುವುದೂ ತಪ್ಪು, ತುಂಬ ಚೆನ್ನಾಗಿ ಹೋಯಿತು. ಐದನೇ ವುಡ್ ಎಲ್ಲಿ ಬೀಳುತ್ತದೋ ಸರಿಯಾಗಿ ಅಲ್ಲಿಗೇ. ಹನ್ನೆರಡರಲ್ಲಿ ಬೇಲಿಯ ಆಚೆ. ದುಡ್ಡು ಕೊಟ್ಟು ಮನೆಯಲ್ಲಿದ್ದದ್ದನ್ನೇ ಇನ್ನೊಂದು ತಂದಂತಾಯಿತು.

ಬೇಲಿಯ ಹತ್ತಿರ ಚೆಂಡು ಹುಡುಕುತ್ತ ಬೀಗಿತ್ತಿಯನ್ನು ಬೈದುಕೊಂಡೆ. ಅವಳಿಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಬೈದೆ. ನಮ್ಮದು ಜೋಡಿ ಆಟ. ಇಬ್ಬರಿಗೂ ಸೇರಿ ಒಂದೇ ಚೆಂಡು. ಒಬ್ಬಳು ಹೊಡೆದು ಬಿಟ್ಟ ಜಾಗದಿಂದ ಇನ್ನೊಬ್ಬಳು ಹೊಡೆಯಬೇಕು. ಬೇಗ ಮುಗಿಯುತ್ತದೆ, ಅವಳಿಗೆ ಅಂಗಡಿ ತೆರೆಯಲು ಹೊತ್ತಾಗುವುದಿಲ್ಲ ಎಂದು ಶುರು ಮಾಡಿದ್ದು. ಆಮೇಲೆ ಬೇರೆ ಥರ ಆಡಿದ್ದೇ ಇಲ್ಲ. ಸಮಸಂಖ್ಯೆಯ ಹೋಲ್‌ಗಳಲ್ಲಿ ಮೊದಲ ಹೊಡೆತ ಅವಳದು. ಹನ್ನೆರಡರಲ್ಲಿ ಒಂಬತ್ತು ವರ್ಷವೂ ಅವಳು ಮಾಡಿದ್ದು ಒಂದೇ. ಅತಿ ದೂರ ಹೊಡೆಯುವ ಡ್ರೈವರ್ ಕೋಲು ಮುಟ್ಟದೆ ಸಣ್ಣದು ಯಾವುದನ್ನೋ ತೆಗೆದು, ಚೆಂಡನ್ನು ಪಂಪ್‌ಮನೆಯ ಪಕ್ಕ ತಂದು ನಿಲ್ಲಿಸುವುದು. ಇನ್ನೊಂದಿಷ್ಟು ಮುಂದಕ್ಕೆ ಹೊಡಿಯೇ ಎಂದರೆ "ಇಷ್ಟು ಸಾಕು" ಅನ್ನುವಳು. ಪುಕ್ಕಲಿ. ಕೊಳ ದಾಟಿಸುವ ಕಷ್ಟ ನನ್ನ ಪಾಲಿಗೆ. ನಾನು ಐದನೇ ವುಡ್ ತೆಗೆದು ದಾಟಿಸುತ್ತಿದ್ದೆ, ಪ್ರತಿಸಲವೂ. ನಮ್ಮ ಜೋಡಿಯಲ್ಲಿ ಬಲ ನನ್ನದು, ಎಚ್ಚರಿಕೆ ಅವಳದು ಎಂದು ಕ್ಲಬ್ಬಿನಲ್ಲಿ ಎಲ್ಲರಿಗೂ ಗೊತ್ತು. ನಾನೇ ಹೇಳಿದ್ದೇನೆ.

ಅವಳ ಮಗ, ನನ್ನ ಮಗಳು, ನಮ್ಮ ಬ್ಯಾಗ್‌ಗಳನ್ನು ಕಾರಿಗೆ ಹಾಕಲು ಬಂದು ಪರಿಚಯವಾದವರು. ಮದುವೆಯಾದ ಮೇಲೆ ನಾವಿಬ್ಬರೂ ನಾಲ್ಕು ಜನರೆದುರು 'ಬನ್ನಿ ಬೀಗರೇ, ಕೂತ್ಕೊಳ್ಳಿ ಬೀಗರೇ', ಮೈದಾನದಲ್ಲಿ ಮಾತ್ರ 'ಬಾರೇ, ಹೋಗೇ'. ಈಗ ಎರಡೂ ಇಲ್ಲ.

ಮಾರ್ಚ್ 22, ಶನಿವಾರ

ನಾಲ್ಕನೆಯದನ್ನು ವಾಪಸು ತೆಗೆದುಕೊಂಡು ಹೋದೆ. ಡಾಕ್ಟ್ರು ಗೆದ್ದ ಮುಖ ಮಾಡಿಕೊಂಡು, "ಅಂಕಿ ನೋಡಬೇಡಿ, ಅತಿ ದೂರ ಹೋಗೋದನ್ನೂ ನೋಡಬೇಡಿ. ಖಾಲಿ ಎಷ್ಟಿದೆಯೋ ಅದನ್ನ ತುಂಬೋದು ನೋಡಿ" ಅಂದ. ಇದನ್ನು ಹೋದ ವಾರ ಹೇಳಬಹುದಿತ್ತು. ಹೇಳಿದನೇನೋ. ಐದನೇ ಹೈಬ್ರಿಡ್ ನೂರಾ ಮೂವತ್ತಕ್ಕೆ ಬಿತ್ತು, ಮತ್ತೆ ಹೊಡೆದರೂ ಅಲ್ಲಿಗೇ. ನೋಡಲು ಅಂಥ ಚಂದವಿಲ್ಲ, ದೊಡ್ಡ ಸದ್ದೂ ಇಲ್ಲ. ಅದನ್ನೇ ಕೊಡು ಎಂದೆ.

ಬ್ಯಾಗಿನಲ್ಲಿ ಹದಿನಾಲ್ಕು ಕೋಲಿಗಿಂತ ಹೆಚ್ಚು ಇರುವಂತಿಲ್ಲ, ಇದು ಬಂದರೆ ಒಂದು ಹೋಗಬೇಕು. ಅವನು ಐದನೇ ಐರನ್ ಹೊರಗೆಳೆದು ಬೆಳಕಿಗೆ ಹಿಡಿದ.

"ಇದನ್ನ ನೀವು ಹೊಡೆದೇ ಇಲ್ವಲ್ಲ ಮೇಡಂ. ಮುಖ ನೋಡಿ, ಹೊಸದರ ಹಾಗೆ ಹೊಳೀತಿದೆ. ಐದನೇ ವುಡ್ ನೋಡಿ, ನಡುವೆ ಸವೆದು ಹೋಗಿದೆ."

"ಅವಶ್ಯಕತೆ ಬೀಳಲಿಲ್ಲ."

"ಬೀಳದೆ ಹೇಗಿರುತ್ತೆ? ಆ ದೂರ ಎಲ್ಲರಿಗೂ ಬಂದೇ ಬರುತ್ತೆ. ಇಷ್ಟು ವರ್ಷ ಹೇಗೆ ಸಂಭಾಳಿಸಿದ್ರಿ?"

ಹೆಗಲು ಈಚೆಗೆ ಕೆಟ್ಟಿದ್ದು ಎಂದೆ. ಹೆಗಲಿಗೂ ಇದಕ್ಕೂ ಸಂಬಂಧವಿಲ್ಲ, ಹೆಗಲು ಕೆಟ್ಟಿದ್ದರೆ ಐದನೇ ವುಡ್‌ನ ದೂರವೂ ಇಳಿಯಬೇಕಿತ್ತು, ಅದು ಹಾಗೇ ಇದೆ ಅಂದ. ಇವನಿಗೆ ಮಾತು ಜಾಸ್ತಿ. ಐದನೇ ಐರನ್ ಬಿಟ್ಟು ಹೋಗಿ ಎಂದದ್ದಕ್ಕೂ ಒಪ್ಪದೆ ಮನೆಗೆ ತಂದೆ.

ಮಾರ್ಚ್ 27, ಗುರುವಾರ

ಹೈಬ್ರಿಡ್ ಇವತ್ತು ಕೊಳ ದಾಟಿತು. ಗ್ರೀನ್ ಮೇಲೆ ಬಿದ್ದು ಅಲ್ಲೇ ನಿಂತಿತು. ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಮಧ್ಯಾಹ್ನ ಕ್ಲಬ್ಬಿನ ಕಾರ್ಯದರ್ಶಿ ಫೋನ್ ಮಾಡಿದ. ವರ್ಷದ ಜೋಡಿ ಪಂದ್ಯ ಏಪ್ರಿಲ್ ಹದಿಮೂರಕ್ಕೆ. "ನಿಮ್ಮಿಬ್ಬರ ಹೆಸರು ಇಡಲಾ ತೆಗೀಲಾ?" ಅಂದ.

"ಅವರನ್ನೇ ಕೇಳಿ" ಎಂದೆ.

"ಕೇಳ್ದೆ. ಅವರು ನಿಮ್ಮನ್ನ ಕೇಳಿ ಅಂದ್ರು."

ಶನಿವಾರ ಅಲ್ಲ, ಅದರ ಮುಂದಿನ ಶನಿವಾರ ಪಟ್ಟಿ ಅಂಟಿಸುತ್ತಾನಂತೆ, ಅಷ್ಟರೊಳಗೆ ಯಾರಾದರೂ ಒಬ್ಬರು ಹೇಳಬೇಕಂತೆ. ಬೇರೆ ಜೋಡಿ ಬೇಕಿದ್ದರೆ ನೋಡುತ್ತೇನೆ ಎಂದೂ ಅಂದ. ಬ್ಯಾಂಕಿನ ಮೇನೇಜರಮ್ಮ ಒಬ್ಬರೇ ಇದ್ದಾರಂತೆ, ಬಹಳ ದೂರ ಹೊಡೆಯುತ್ತಾರಂತೆ. ನೋಡೋಣ ಎಂದೆ. ಫೋನ್ ಇಟ್ಟ ಮೇಲೆ ಬ್ಯಾಗಿನ ಕೋಲುಗಳನ್ನೆಲ್ಲ ಹೊರಗೆ ತೆಗೆದು, ಒರೆಸಿ, ಮತ್ತೆ ಒಳಗಿಟ್ಟೆ. ಮಗಳು ಸೂಟ್‌ಕೇಸ್ ತಂದ ದಿನವೂ ಇಷ್ಟು ಸಂಕಟ ಆಗಿರಲಿಲ್ಲ. ಹೀಗೆ ಬರೆಯಬಾರದು, ಆದರೆ ನಿಜ.

ಮಾರ್ಚ್ 30, ಭಾನುವಾರ

ಬೆಳಿಗ್ಗೆ ಆಡಲು ಹೋಗಲಿಲ್ಲ, ಅಳೆಯಲು ಹೋದೆ. ಬ್ಯಾಗ್ ಕೂಡ ಒಯ್ಯಲಿಲ್ಲ, ಲೇಸರ್ ಒಂದೇ.

ಡಾಕ್ಟ್ರು ಕೇಳಿದ್ದು ತಲೆಯಿಂದ ಹೋಗಿರಲಿಲ್ಲ. ಇಷ್ಟು ವರ್ಷ ಹೇಗೆ ಸಂಭಾಳಿಸಿದ್ರಿ? ಹನ್ನೆರಡರಲ್ಲಿ ಪಂಪ್‌ಮನೆಯ ಪಕ್ಕ, ಅವಳು ಚೆಂಡು ನಿಲ್ಲಿಸುತ್ತಿದ್ದ ಜಾಗದಲ್ಲಿ ನಿಂತು ಗ್ರೀನ್‌ಗೆ ಹಿಡಿದೆ. ನೂರಾ ನಲವತ್ತೈದು. ನನ್ನ ಐದನೇ ವುಡ್‌ನ ದೂರ, ಕೂದಲೆಳೆಯೂ ಆಚೀಚೆಯಿಲ್ಲ. ಕಾಕತಾಳೀಯ ಇರಬಹುದು ಎಂದು ನಾಲ್ಕನೇ ಹೋಲ್‌ಗೆ ನಡೆದೆ. ಅಲ್ಲಿ ಮಾತ್ರ ಅವಳು ಡ್ರೈವರ್ ತೆಗೆದು ಎಡಗಡೆ ಬಂಡೆ ದಾಟಿಸುತ್ತಿದ್ದಳು. ಅಲ್ಲಿ ಧೈರ್ಯ, ಇಲ್ಲಿ ಯಾಕಿಲ್ಲ ಎಂದು ನಾನು ರೇಗಿಸಿದ್ದುಂಟು. ಬಂಡೆಯ ಆಚೆಯಿಂದ ಅಳೆದೆ. ನೂರಾ ಹದಿನೈದು. ನನ್ನ ಆರನೇ ಐರನ್. ಎಂಟರಲ್ಲಿ ಎರಡು ಮರಗಳ ಸಂದಿ, ಮತ್ತೆ ಐದನೇ ವುಡ್. ಹದಿನಾರರಲ್ಲಿ ಮತ್ತೆ ಆರನೇ ಐರನ್.

ನಡುವಿನ ಆ ಮೂವತ್ತು ಗಜದಲ್ಲಿ ಅವಳು ನನ್ನನ್ನು ಎಲ್ಲೂ ಬಿಟ್ಟಿಲ್ಲ.

ಹುಲ್ಲು ಕತ್ತರಿಸುವವನು ಯಂತ್ರ ನಿಲ್ಲಿಸಿ, "ಏನಾದ್ರೂ ಕಳೆದು ಹೋಯ್ತಾ ಮೇಡಂ?" ಅಂದ. ಇಲ್ಲಪ್ಪ ಎಂದೆ.

ಏಪ್ರಿಲ್ 1, ಮಂಗಳವಾರ

ಬರೆಯುವಂಥದ್ದು ಏನೂ ಇಲ್ಲ. ಮುಲಾಮು ಇನ್ನೂ ಅರ್ಧ ಇದೆ.

ಏಪ್ರಿಲ್ 4, ಶುಕ್ರವಾರ

ಮುಲಾಮು ತರಲು ಹೋದೆ. ಬೀಗಿತ್ತಿಯ ಅಂಗಡಿಗೆ.

ಮಧ್ಯಾಹ್ನ ಮೂರರ ಹೊತ್ತಿಗೆ ಅಲ್ಲಿ ಗಿರಾಕಿಗಳಿರುವುದಿಲ್ಲ ಎಂದು ಗೊತ್ತು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಮಾತ್ರೆಯ ಹಾಳೆಗಳನ್ನು ಕತ್ತರಿಸುತ್ತಿದ್ದಳು. ನನ್ನನ್ನು ನೋಡಿದಳು, ಕತ್ತರಿ ನಿಲ್ಲಿಸಲಿಲ್ಲ. ಬೇರೆ ಯಾರೂ ಇರಲಿಲ್ಲ, ಇದು ಮೈದಾನವೂ ಅಲ್ಲ, ಆದ್ದರಿಂದ 'ಬನ್ನಿ' ಅನ್ನಬೇಕೋ 'ಬಾ' ಅನ್ನಬೇಕೋ ಅವಳಿಗೂ ತಿಳಿಯಲಿಲ್ಲ ಅಂತ ಕಾಣುತ್ತದೆ. ಎರಡೂ ಅನ್ನಲಿಲ್ಲ. ಮುಲಾಮು ಎಂದೆ. ತಿರುಗಿ ನೋಡದೆಯೇ ಹಿಂದಿನ ಗೂಡಿನಿಂದ ತೆಗೆದು ಗಾಜಿನ ಮೇಲೆ ಇಟ್ಟಳು.

"ಹೆಗಲು ಹೇಗಿದೆ?"

"ಪರವಾಗಿಲ್ಲ."

"ರಾತ್ರಿ ಆ ಕಡೆ ತಿರುಗಿ ಮಲಗಬೇಡ ಅಂದಿದ್ದೆ."

"ಮಲಗ್ತಿಲ್ಲ."

ಮತ್ತೆ ಕತ್ತರಿಯ ಸದ್ದು. ದುಡ್ಡು ಇಟ್ಟು ಹೊರಟುಬಿಡಬಹುದಿತ್ತು. ಬಾಗಿಲ ತನಕ ಹೋಗಿ ವಾಪಸು ಬಂದೆ.

"ಹನ್ನೆರಡರಲ್ಲಿ ಯಾವಾಗಲೂ ಪಂಪ್‌ಮನೆ ಹತ್ರ ಯಾಕೆ ನಿಲ್ಲಿಸ್ತಿದ್ದೆ?"

"ಅಲ್ಲಿಂದ ನೀನು ಚೆನ್ನಾಗಿ ಹೊಡೀತೀಯಲ್ಲ" ಅಂದಳು. ಇದನ್ನೂ ಕೇಳಬೇಕೇ ಅನ್ನುವ ಹಾಗೆ.

"ನಾಲ್ಕರಲ್ಲಿ ಬಂಡೆ ದಾಟಿಸೋದು?"

"ಈಚೆ ಬಿಟ್ರೆ ನೀನು ತಿಣುಕ್ತೀಯ."

"ಒಂಬತ್ತು ವರ್ಷ. ಒಂದು ಸಲನಾದ್ರೂ ಹೇಳಬಾರದಾ?"

"ಹೇಳಿದ್ರೆ ಏನ್ ಮಾಡ್ತಿದ್ದೆ? ನಂಗೇನೂ ಕಷ್ಟ ಇಲ್ಲ, ಮುಂದಕ್ಕೆ ಹೊಡಿ ಅಂತಿದ್ದೆ. ಹೊಡೆದಿದ್ರೆ ಕೊಳಕ್ಕೆ ಹಾಕ್ತಿದ್ದೆ. ಆಮೇಲೆ ಮನೆಗೆ ಹೋಗೋ ತನಕ ಮಾತಾಡ್ತಿರಲಿಲ್ಲ."

ಸುಳ್ಳಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು, ಎರಡೂ ಒಟ್ಟಿಗೆ ಬಂದರೆ ಯಾವುದನ್ನು ಮೊದಲು ಒಳಗೆ ಬಿಡಬೇಕೋ ಗೊತ್ತಾಗುವುದಿಲ್ಲ. ಊರಿಗೆಲ್ಲ ಗಡಿ ಅಳೆದು ಕೊಟ್ಟವಳು ನಾನು. ದೀಪದ ಬುಡದಲ್ಲೇ ಕತ್ತಲೆ.

ಅವಳು ಕತ್ತರಿ ಕೆಳಗಿಟ್ಟಳು. "ಅವತ್ತು ಫೋನ್ ಮಾಡಿದ್ದೆನಲ್ಲ. ನಿನ್ನ ಮಗಳಿಗೆ ಒಂದು ಮಾತು ಹೇಳು ಅಂದೆ. ಏನು ಮಾತು ಅಂತ ನೀನು ಕೇಳಲೇ ಇಲ್ಲ."

"ಏನು?"

"ನಂಗೆ ಅವಳ ಮೇಲೆ ಕೋಪ ಇಲ್ಲ ಅಂತ. ನೀನು ಫೋನ್ ಇಟ್ಟೆ. ಆಮೇಲೆ ನಾನೇ ಅವಳಿಗೆ ಮಾಡಿ ಹೇಳಿದೆ. ವಾರಕ್ಕೊಂದ್ಸಲ ಮಾತಾಡ್ತಾನೇ ಇದೀವಿ."

ಬಾಲ್ಕನಿಯ ನಗು ನೆನಪಾಯಿತು. 'ಗೊತ್ತಿರೋರು.' ಅತ್ತೆ ಸೊಸೆ ಮಾತಾಡಿಕೊಂಡಿದ್ದಾರೆ, ಬಿಟ್ಟು ಹೋದವರೇ ಒಬ್ಬರನ್ನೊಬ್ಬರು ಬಿಟ್ಟಿಲ್ಲ, ಮಾತು ಬಿಟ್ಟು ಬಸ್ ನಿಲ್ದಾಣದ ತನಕ ಮುಲಾಮಿಗೆ ಹೋದವಳು ನಾನೊಬ್ಬಳೇ.

"ಕಾರ್ಯದರ್ಶಿಗೆ ಏನು ಹೇಳೋದು?" ಎಂದೆ.

"ನನ್ನನ್ನ ಯಾಕೆ ಕೇಳ್ತೀಯ" ಅಂದಳು. ಅಷ್ಟರಲ್ಲಿ ಮಗು ಎತ್ತಿಕೊಂಡು ಯಾರೋ ಒಳಗೆ ಬಂದರು. ಬೀಗಿತ್ತಿ ಕನ್ನಡಕ ಮೇಲಕ್ಕೇರಿಸಿ ನನ್ನ ಕಡೆ ತಿರುಗಿ, "ಗುರುವಾರ ಆರೂವರೆಗೆ ಸಿಗ್ತೀನಿ ಬೀಗರೇ, ಹೋಗಿ ಬನ್ನಿ" ಅಂದಳು.

ಏಪ್ರಿಲ್ 5, ಶನಿವಾರ

ಕಾರ್ಯದರ್ಶಿಗೆ ಫೋನ್ ಮಾಡಿ ಹೆಸರು ಇಡಿ ಎಂದೆ. ಬೆಳಿಗ್ಗೆಯೇ ಅವರೂ ಫೋನ್ ಮಾಡಿ ಹೇಳಿದ್ದಾರೆ ಅಂದ.

ಐದನೇ ಐರನ್ ಯಜಮಾನರಿಗೆ ಕೊಟ್ಟೆ. ಬಾಗಿದ್ದ ಟೊಮೇಟೊ ಗಿಡಕ್ಕೆ ಊರುಗೋಲು ಮಾಡಿ ಕಟ್ಟಿದ್ದಾರೆ. "ಕೊನೆಗೂ ಇದಕ್ಕೊಂದು ಕೆಲಸ ಸಿಕ್ತು" ಅಂದರು. ಗಿಡ ನೆಟ್ಟಗೆ ನಿಂತಿದೆ.

ಏಪ್ರಿಲ್ 10, ಗುರುವಾರ

ಆಡಿದೆವು. ಅವಳ ಕೆಮ್ಮು ಹಾಗೇ ಇದೆ. ಔಷಧಿ ಮಾರುವವಳಿಗೆ ತನ್ನ ಕೆಮ್ಮಿಗೊಂದು ಔಷಧಿ ಗೊತ್ತಿಲ್ಲ. ಹೈಬ್ರಿಡ್ ತೋರಿಸಲಿಲ್ಲ, ಬ್ಯಾಗಿನ ಒಳಕ್ಕೆ ತಳ್ಳಿ ಇಟ್ಟಿದ್ದೆ. ಹನ್ನೆರಡರಲ್ಲಿ ಅವಳು ಎಂದಿನಂತೆ ಪಂಪ್‌ಮನೆಯ ಪಕ್ಕ ನಿಲ್ಲಿಸಿದಳು, ನಾನು ಎಂದಿನಂತೆ ಐದನೇ ವುಡ್‌ನಲ್ಲಿ ದಾಟಿಸಿದೆ. "ಭೇಷ್" ಅಂದಳು. ಒಂಬತ್ತು ವರ್ಷ ಈ ಭೇಷ್ ಕೇಳಿ ಬೀಗಿದ್ದೇನೆ.

ಅವಳು ಹೊಡೆಯುವಾಗ ಮೊದಲ ಸಲ ಅವಳ ಕೈ ನೋಡಿದೆ. ಎತ್ತಿ, ಇನ್ನೇನು ಪೂರ್ತಿ ಬೀಸಬೇಕು ಅನ್ನುವಾಗ ತಡೆದುಕೊಳ್ಳುತ್ತಾಳೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಗಾಡಿ ಓಡಿಸಿದ ಹಾಗೆ.

ಏಪ್ರಿಲ್ 11, ಶುಕ್ರವಾರ

ಮಗಳೂ ಅಳಿಯನೂ ವಕೀಲರ ಹತ್ತಿರ ಹೋಗಿ ವಿಚ್ಛೇದನದ ಒಪ್ಪಂದಕ್ಕೆ ಸಹಿ ಹಾಕಿ ಬಂದರು. ಒಂದೇ ಕಾರಿನಲ್ಲಿ ಹೋಗಿ ಬಂದರಂತೆ. ಅಳಿಯ ಕೆಳಗೆ ಗೇಟಿನ ತನಕ ಬಂದು, ಮೇಲೆ ನೋಡಿ ಕೈ ಬೀಸಿದ. ನಾನೂ ಬೀಸಿದೆ.

ಮಗಳು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಇದ್ದಳು. ತಪ್ಪು ಯಾರದು ಎಂದು ಮತ್ತೆ ಕೇಳಲಿಲ್ಲ. ಹೊರಗೆ ಬಂದಾಗ ಟವೆಲ್ ತೆಗೆದುಕೊಂಡು ತಲೆ ಒರೆಸಿದೆ, ಸಣ್ಣವಳಿದ್ದಾಗ ಒರೆಸುತ್ತಿದ್ದ ಹಾಗೆ. ಸುಮ್ಮನೆ ಒರೆಸಿಸಿಕೊಂಡಳು.

ಆಮೇಲೆ ಅನ್ನಿಸಿತು, ಇನ್ನು ಅಳಿಯನ ಅಮ್ಮ ನನಗೆ ಬೀಗಿತ್ತಿಯೂ ಅಲ್ಲ. ಏನೆಂದು ಕರೆಯಬೇಕೋ ಗೊತ್ತಿಲ್ಲ. ಇಲ್ಲಿ ಹಾಗೇ ಬರೆಯುತ್ತೇನೆ, ರೂಢಿ.

ಏಪ್ರಿಲ್ 13, ಭಾನುವಾರ

ಸೋತೆವು. ಎರಡು ಹೋಲ್ ಹಿಂದೆ ಬಿದ್ದು, ಹದಿನೇಳನೇ ಹೋಲ್‌ನಲ್ಲೇ ಮುಗಿಯಿತು. ಎದುರಾಳಿಗಳು ಬ್ಯಾಂಕಿನ ಮೇನೇಜರಮ್ಮ ಮತ್ತು ಅವರಿಗೆ ಸಿಕ್ಕ ಹೊಸ ಜೋಡಿ, ಈಚೆಗೆ ಕ್ಲಬ್ ಸೇರಿದ ಒಬ್ಬ ಶಾಲಾ ಶಿಕ್ಷಕಿ.

ಹನ್ನೊಂದು ಮುಗಿದಾಗ ಸಮ ಸಮ ಇದ್ದೆವು. ಹನ್ನೆರಡರಲ್ಲಿ ಬೀಗಿತ್ತಿ ಎಂದಿನಂತೆ ಸಣ್ಣದು ತೆಗೆದಳು. ನಾನು ಹೋಗಿ ಅವಳ ಬ್ಯಾಗಿನಿಂದ ಡ್ರೈವರ್ ತೆಗೆದು ಕೈಗೆ ಕೊಟ್ಟೆ.

"ಪೂರ್ತಿ ಹೊಡಿ."

"ಆಮೇಲೆ ನೀನು ಅಲ್ಲಿಂದ—"

"ಅಲ್ಲಿಂದ ಹೊಡೆಯೋಕೆ ತಂದಿದೀನಿ" ಎಂದು ಹೈಬ್ರಿಡ್ ತೋರಿಸಿದೆ. ಅದನ್ನು ಕೈಗೆ ತೆಗೆದುಕೊಂಡು ಔಷಧಿಯ ಚೀಟಿ ಓದುವ ಹಾಗೆ ತಿರುಗಿಸಿ ನೋಡಿದಳು. ಯಾವಾಗ ತಂದೆ ಎಂದಳು. ನೀನು ಇಲ್ಲದಿದ್ದಾಗ ಎಂದೆ. ಅವಳ ಮುಖ ಸಣ್ಣದಾಯಿತು. ಇನ್ನು ನನ್ನ ಕೆಲಸ ಮುಗೀತು ಅನ್ನು ಅಂದಳು, ತಮಾಷೆಗೆ ಅಂದ ಹಾಗೆ.

"ಅದಲ್ಲ. ನಂಗೋಸ್ಕರ ಒಂಬತ್ತು ವರ್ಷ ಕೈ ಹಿಡಿದು ಹೊಡೆದಿದೀಯ. ಸಾಕು. ಇವತ್ತು ನಿನಗೋಸ್ಕರ ಹೊಡಿ."

ಅವಳು ಎರಡು ಸಲ ಕಾಲು ಸರಿಮಾಡಿಕೊಂಡಳು. ಆಮೇಲೆ ಹೊಡೆದಳು. ಅಂಥ ಸದ್ದು ಅವಳ ಡ್ರೈವರ್‌ನಿಂದ ನಾನು ಎಂದೂ ಕೇಳಿರಲಿಲ್ಲ. ಚೆಂಡು ಪಂಪ್‌ಮನೆ ದಾಟಿತು, ನನ್ನ ಚೆಂಡು ಬೀಳುತ್ತಿದ್ದ ಜಾಗವನ್ನೂ ದಾಟಿತು, ಬಿದ್ದ ಮೇಲೂ ಓಡಿತು. ಜೋಡಿಯಲ್ಲಿ ಬಲ ನನ್ನದಂತೆ. ಅರವತ್ತು ದಾಟಿದ ಹೆಂಗಸು, ಅಲ್ಲೇ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮೇನೇಜರಮ್ಮ ಚಪ್ಪಾಳೆ ತಟ್ಟಿದರು.

ಅಲ್ಲಿಂದ ನೂರಾ ಇಪ್ಪತ್ತಾರು. ಹೈಬ್ರಿಡ್ ತೆಗೆದು, ಉಸಿರು ಬಿಟ್ಟು, ಹೊಡೆದೆ. ಕೊಳ ದಾಟಿ ಗ್ರೀನ್‌ನ ಹಿಂಭಾಗದಲ್ಲಿ ನಿಂತಿತು. ಅವಳು ಅದನ್ನು ಗುಳಿಯ ಹತ್ತಿರ ತಳ್ಳಿದಳು, ನಾನು ಹಾಕಿದೆ. ಆ ಹೋಲ್ ನಮ್ಮದಾಯಿತು.

ಅಷ್ಟಕ್ಕೇ ನಿಂತಿದ್ದರೆ ಗೆಲ್ಲುತ್ತಿದ್ದೆವು. ಅವಳಿಗೆ ರುಚಿ ಹತ್ತಿತು. ಹದಿನಾಲ್ಕರಲ್ಲೂ ಪೂರ್ತಿ ಹೊಡೆದಳು, ಬಲಗಡೆಯ ಮರಗಳೊಳಗೆ. ಹದಿನಾರರಲ್ಲೂ ಹೊಡೆದಳು, ಎಡಗಡೆಯ ಮರಗಳೊಳಗೆ. ನಾನು ಎರಡು ಸಲವೂ ಬಗ್ಗಿಕೊಂಡು ಕೊಂಬೆಗಳ ಅಡಿ ನುಗ್ಗಿ, ಒಣ ಎಲೆಗಳ ಮೇಲಿಂದ ಹೊಡೆದು ಚೆಂಡನ್ನು ಹೊರಗೆ ತಂದೆ. ಕೈ ಗೀಚಿಕೊಂಡಿತು. ಹದಿನಾರರಲ್ಲಿ ಅವಳು, "ಸಣ್ಣದು ತೆಗೀಬೇಕಿತ್ತು" ಅಂದಳು. ಬೇಡ, ಹೀಗೇ ಹೊಡಿ ಎಂದೆ.

ಆಟ ಮುಗಿದ ಮೇಲೆ ನಾಲ್ವರೂ ಕಾಫಿಗೆ ಕೂತೆವು. ಬೀಗಿತ್ತಿ ನನ್ನ ಅಂಗೈ ತಿರುಗಿಸಿ ನೋಡಿ, ತನ್ನ ಬ್ಯಾಗಿನಿಂದ ಔಷಧಿ ತೆಗೆದು ಗೀಚಿದಲ್ಲೆಲ್ಲ ಹಚ್ಚುತ್ತಿದ್ದಳು. ಶಿಕ್ಷಕಿ ನಮ್ಮನ್ನೇ ನೋಡುತ್ತಿದ್ದವರು, "ನೀವಿಬ್ಬರೂ ಏನಾಗಬೇಕು?" ಎಂದು ಕೇಳಿದರು.

ಮಕ್ಕಳ ಮದುವೆಯಾದಾಗಿನಿಂದ ನಾಲ್ಕು ವರ್ಷ ಈ ಪ್ರಶ್ನೆಗೆ ಯೋಚಿಸದೆ ಉತ್ತರ ಕೊಟ್ಟಿದ್ದೇವೆ, ಬೀಗರು ಎಂದು. ಬೀಗಿತ್ತಿ ತಲೆ ಎತ್ತಲಿಲ್ಲ, ಔಷಧಿ ಹಚ್ಚುತ್ತಲೇ ಇದ್ದಳು. ಆದರೆ ಬೆರಳು ನಿಧಾನವಾಯಿತು. ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದಳು.

"ಇವಳು ಬಿಟ್ಟ ಜಾಗದಿಂದ ನಾನು ಹೊಡೀತೀನಿ" ಎಂದೆ. "ನಾನು ಬಿಟ್ಟ ಜಾಗದಿಂದ ಇವಳು."

ಶಿಕ್ಷಕಿಗೆ ಅರ್ಥವಾಗಲಿಲ್ಲ, ಆಟದ ವಿಷಯ ಅಂದುಕೊಂಡು ತಲೆಯಾಡಿಸಿದರು. ಬೀಗಿತ್ತಿ ಒಂದು ಸಲ ಮೂಗು ಸೆಳೆದುಕೊಂಡು, ಔಷಧಿಯ ಮುಚ್ಚಳ ಬಿಗಿ ಮಾಡಿ, "ಕೈ ಒದ್ದೆ ಮಾಡ್ಕೋಬೇಡ" ಅಂದಳು. ಗುರುವಾರ ಆರೂವರೆಗೆ ಮತ್ತೆ ಆಟ.